ಔಷಧಿಗೊಂದು ಪುಟ್ಟ ಚೀಲ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ಆದರೂ ಇಂದು ಒಂದು ಕ್ಯಾನ್ಸರ್ ಔಷಧಿಯ ಕಥೆ ಹೇಳುತ್ತೇನೆ. ಏಕೆಂದರೆ ನಮ್ಮಲ್ಲಿ ಎಷ್ಟೋ ಜನ ರೋಗಕ್ಕಿಂತ ಕೀಮೋಗೇ ಹೆಚ್ಚು ಹೆದರುತ್ತಾರೆ.

ಆ ಹೆದರಿಕೆ ಸುಳ್ಳಲ್ಲ. ಡಾಕ್ಸೊರೂಬಿಸಿನ್ ಎಂಬ ಕೆಂಪು ಬಣ್ಣದ ಔಷಧಿ ಹಲವು ಬಗೆಯ ಕ್ಯಾನ್ಸರ್‌ಗೆ ಕೆಲಸ ಮಾಡುತ್ತದೆ. ಆದರೆ ಅದು ಮೈಯೆಲ್ಲ ಹರಡುತ್ತದೆ. ಒಟ್ಟು ಪ್ರಮಾಣ ಹೆಚ್ಚಾದಂತೆ ಹೃದಯದ ಸ್ನಾಯುವಿಗೇ ಪೆಟ್ಟು ಬೀಳುತ್ತದೆ.

ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಯೆಹೆಜ್‌ಕೆಲ್ ಬಾರೆನ್‌ಹೋಲ್ಜ್ ಮತ್ತು ಕ್ಯಾನ್ಸರ್ ವೈದ್ಯ ಆಲ್ಬರ್ಟೊ ಗಾಬಿಜೋನ್ ಹೊಸ ಔಷಧಿ ಹುಡುಕಲಿಲ್ಲ. ಇದೇ ಔಷಧಿಯನ್ನು ಲೈಪೊಸೋಮ್ ಎಂಬ ಕೊಬ್ಬಿನ ಪುಟ್ಟ ಚೀಲದಲ್ಲಿ ತುಂಬಿ ಕಳುಹಿಸಲು ಹೊರಟರು.

1980ರ ದಶಕದಲ್ಲಿ ಅವರ ಮೊದಲ ಚೀಲವನ್ನು ರೋಗಿಗಳಲ್ಲಿ ಪರೀಕ್ಷಿಸಿದಾಗ ಅದು ಸೋತಿತು. ಔಷಧಿ ರಕ್ತದಲ್ಲೇ ಸೋರಿತು. ಚೀಲಗಳನ್ನು ಯಕೃತ್ತು ಹಿಡಿದಿಟ್ಟುಕೊಂಡಿತು. ಅವರು ಕೈಚೆಲ್ಲಲಿಲ್ಲ. ಎಲ್ಲಿ ಸೋರಿತು, ಯಾರು ಹಿಡಿದರು ಎಂದು ನೋಡಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಚೀಲವನ್ನು ಸುಮಾರು 100 ನ್ಯಾನೋಮೀಟರಿಗೆ, ಅಂದರೆ ತಲೆಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗೆ ಇಳಿಸಿದರು. ಒಳಗೆ ಅಮೋನಿಯಂ ಸಲ್ಫೇಟ್ ಇಟ್ಟರು. ಔಷಧಿ ಅಲ್ಲೇ ಹರಳುಗಟ್ಟಿ ನಿಂತಿತು. ಹೊರಗೆ ಪಾಲಿಎಥಿಲೀನ್ ಗ್ಲೈಕಾಲ್ ಹೊದಿಸಿದರು. ದೇಹದ ಕಾವಲು ಕೋಶಗಳು ಅದನ್ನು ಬೇಗ ಗುರುತಿಸಲಿಲ್ಲ. ಗಡ್ಡೆಯ ರಕ್ತನಾಳಗಳಲ್ಲಿ ಸಂದುಗಳು ದೊಡ್ಡವು. ಅಲ್ಲಿಂದ ಚೀಲ ನುಸುಳಿ ಗಡ್ಡೆಯೊಳಗೆ ಸೇರಿತು.

1995ರಲ್ಲಿ ಅಮೆರಿಕದ ಎಫ್‌ಡಿಎ ಈ 'ಡಾಕ್ಸಿಲ್'ಗೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಒಪ್ಪಿಗೆ ಪಡೆದ ಮೊದಲ ನ್ಯಾನೋ ಔಷಧಿ ಇದು. ಹೃದಯದ ಹಾನಿ ಕಡಿಮೆಯಾಯಿತು. ಅಂಗೈ, ಅಂಗಾಲು ಕೆಂಪಾಗಿ ಉರಿಯುವ ಹೊಸ ತೊಂದರೆಯೂ ಬಂತು. ಎಲ್ಲ ಕ್ಯಾನ್ಸರನ್ನೂ ಗುಣಪಡಿಸುವ ಮಾಯಾಮದ್ದಂತೂ ಅಲ್ಲ. 2013ರಲ್ಲಿ ನಮ್ಮ ದೇಶದ ಸನ್ ಫಾರ್ಮಾ ಕಂಪನಿ ತಯಾರಿಸಿದ ಇದೇ ಬಗೆಯ ಔಷಧಿಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಮಕ್ಕಳೇ, ಕೆಟ್ಟ ಫಲಿತಾಂಶ ಬಂದಾಗ ಅದನ್ನು ಬಚ್ಚಿಡಬೇಡಿ. ತಪ್ಪಿದ್ದೆಲ್ಲಿ ಎಂದು ಮೇಷ್ಟ್ರ ಹತ್ತಿರ ಕೂತು ನೋಡಿ. ತಾಯಂದಿರೇ, ಹಿರಿಯರೇ, ಮೈಯಲ್ಲಿ ಗಂಟು ಕಂಡರೆ ನೀವೂ ಬಚ್ಚಿಡಬೇಡಿ. ಬೇಗ ಆಸ್ಪತ್ರೆಗೆ ಹೋಗಿ. ಕೀಮೋ ಬೇಕೆಂದರೆ, ಅದರಿಂದ ಹೃದಯಕ್ಕೆ ಏನಾಗಬಹುದು, ಬೇರೆ ದಾರಿ ಇದೆಯೇ ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ. ಹಾಗೆ ಪ್ರಶ್ನೆ ಕೇಳುವುದನ್ನು ನಮಗೆ ಕಲಿಸಿದ್ದು ಇದೇ ಶಾಲೆ.