ಕತ್ತಲೆಕಾನಿನ ಚಿತ್ರ: ಮೂರು ಬೆಳಕು, ಒಂದು ನೋಟ



ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಆ ಹೆಸರು ಸುಮ್ಮನೆ ಬಂದುದಲ್ಲ. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ ಸೂರ್ಯ ನೆತ್ತಿಗೇರಿದರೂ ಕೆಸರಿನಿಂದ ಮೇಲೆದ್ದ ಮಂಡಿಬೇರುಗಳ ಸುತ್ತ ಮಬ್ಬು ಕವಿದಿರುತ್ತದೆ. ಮನುಷ್ಯನ ಕಣ್ಣು ಮೇಲಿನ ಬೆಳಕನ್ನೂ ಕೆಳಗಿನ ಮಬ್ಬನ್ನೂ ಹೊಂದಿಸಿಕೊಂಡು ನೋಡಬಲ್ಲದು. ಕ್ಯಾಮೆರಾ ಒಂದೇ ಸಲಕ್ಕೆ ನೋಡಲಾರದು. ಬೇರು ಕಾಣುವಷ್ಟು ಬೆಳಕನ್ನು ಒಳಗೆ ಬಿಟ್ಟರೆ ಎಲೆಗಳ ನಡುವಿನ ಆಕಾಶ ಬರಿಯ ಬಿಳುಪಾಗಿ, ಆ ಬಿಳುಪು ಎಲೆಯಂಚುಗಳನ್ನೂ ನುಂಗಿಬಿಡುತ್ತದೆ. ದಟ್ಟವಾದ ಕಾನು ಚಿತ್ರದಲ್ಲಿ ವಿರಳವಾಗಿ ತೋರುತ್ತದೆ. ಹಸಿರು ಚಪ್ಪರದ ದಟ್ಟಣೆಯನ್ನು ಚಿತ್ರದಿಂದ ಅಳೆಯುವವರಿಗೆ ಇದು ಸಣ್ಣ ತಪ್ಪಲ್ಲ. ‘ಹಾಳುಬಿದ್ದ ಕಾಡು’ ಎನ್ನಲು ನೆಪ ಹುಡುಕುವವರಿಗಂತೂ ಇಂಥ ಒಂದು ಚಿತ್ರವೇ ಸಾಕು.

ಈ ತೊಡಕು ಹಳೆಯದು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಮೂಡಿಸಿದನು. ಒಂದೇ ಮುಗಿಲನ್ನು ಬೇರೆ ಬೇರೆ ಕಡಲುಗಳಿಗೆ ಹೊದಿಸಿದ್ದೂ ಉಂಟು! 1997ರಲ್ಲಿ ಬರ್ಕ್ಲಿಯ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಅವರು ಹಲವು ಎಕ್ಸ್‌ಪೋಷರ್‌ಗಳಿಂದ ದೃಶ್ಯದ ಬೆಳಕಿನ ಏರಿಳಿತವನ್ನು ಲೆಕ್ಕಹಾಕುವ ಗಣಿತಕ್ರಮವನ್ನು ಪ್ರಕಟಿಸಿದರು.

ವಿಧಾನ ಕಷ್ಟದ್ದಲ್ಲ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಅಪರ್ಚರ್, ಐಎಸ್‌ಒ, ಫೋಕಸ್‌ಗಳನ್ನು ಕದಲಿಸದೆ, ಶಟರ್ ವೇಗವೊಂದನ್ನೇ ಬದಲಿಸಬೇಕು: 1/250, 1/60, 1/15 ಸೆಕೆಂಡ್, ಹೀಗೆ. ಹೆಜ್ಜೆಹೆಜ್ಜೆಗೂ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಗಣಕದ ತಂತ್ರಾಂಶವು ತೀರ ಕಪ್ಪಾದ, ತೀರ ಬೆಳ್ಳಗಾದ ಬಿಂದುಗಳಿಗೆ ಬೆಲೆ ಕೊಡದೆ, ವಿವರವುಳಿದ ಬಿಂದುಗಳನ್ನು ಆಯ್ದು ಜೋಡಿಸುತ್ತದೆ. ಗಾಳಿ ಬೀಸಿತೋ, ಒಂದೇ ಎಲೆ ಮೂರು ಕಡೆ ನೆರಳಿನಂತೆ ಮೂಡುತ್ತದೆ. ಆದುದರಿಂದ ಬೆಳಗಿನ ನಿಶ್ಚಲವಾದ ಹೊತ್ತೇ ಲೇಸು. ಹರಿಯುವ ಹಳ್ಳ ಮಾತ್ರ ಯಾವ ಹೊತ್ತಿನಲ್ಲೂ ನಿಲ್ಲದು. ಕೊನೆಯಲ್ಲಿ ಬೆಳಕನ್ನು ಪರದೆಗೆ ಒಗ್ಗಿಸುವಾಗ ಕೈಬಿಗಿಹಿಡಿಯದಿದ್ದರೆ ಕತ್ತಲೆಕಾನು ದೀಪ ಹಚ್ಚಿದ ಮದುವೆ ಚಪ್ಪರದಂತಾಗುತ್ತದೆ.

ಇಂದಿನ ಅನೇಕ ಮೊಬೈಲುಗಳು ಕೇಳದೆಯೇ ಈ ಜೋಡಣೆ ಮಾಡಿ, ಜೋಡಿಸಿದ್ದನ್ನಷ್ಟೇ ಉಳಿಸುತ್ತವೆ. ಅಹವಾಲಿನೊಡನೆ ಚಿತ್ರ ಒಪ್ಪಿಸುವ ಹಳ್ಳಿಗರು ಇದನ್ನು ಗಮನಿಸಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ನ್ಯಾಯಾಲಯಕ್ಕೆ ಕೊಡುವ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಕಡತವನ್ನು ಸ್ವಲ್ಪ ತಿದ್ದಿದರೂ ಆ ಸಂಖ್ಯೆ ಬೇರೆಯಾಗುತ್ತದೆ. ಜೋಡಿಸಿದ ಚಿತ್ರ ಪ್ರದರ್ಶನದ ಗೋಡೆಗೆ ಸಲ್ಲಲಿ. ಮೂರು ಮೂಲ ಚಿತ್ರಗಳು ದಿನಾಂಕದೊಡನೆ, ಯಾರೂ ಕೈಯಿಡದಂತೆ, ಬೇರೆಯೇ ಉಳಿದಿರಲಿ. ಎಲೆಯಂಚು ಮಾಸದ 1/250ರ ಚಿತ್ರವೇ ಚಪ್ಪರದ ಅಳತೆಗೆ ಬೇಕಾದುದು.