ದಬ್ಬಾಳಿಕೆಯೂ ಪ್ರಜೆಯ ಹೊಣೆಯೂ

ನಂದಗಡದ ಆಲದ ಮರವನ್ನು ನೋಡದವರು ನಮ್ಮ ಖಾನಾಪುರ ಸೀಮೆಯಲ್ಲಿ ವಿರಳ. ಸಂಗೊಳ್ಳಿ ರಾಯಣ್ಣನ ಸಮಾಧಿಯ ಬಳಿಯ ಈ ಮರಕ್ಕೆ, ಅವನಂಥ ಮಗ ಹುಟ್ಟಲೆಂದು ಹರಕೆ ಹೊತ್ತವರು ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಕಂಪನಿ ಸರಕಾರ ಅವನನ್ನು ಇಲ್ಲಿ ನೇಣಿಗೇರಿಸಿದ್ದು ೧೮೩೧ರ ಜನವರಿ ೨೬ರಂದು. ೧೯೫೦ರಲ್ಲಿ ಅದೇ ತಾರೀಖಿಗೆ ನಮ್ಮ ಸಂವಿಧಾನ ಜಾರಿಗೆ ಬಂದಿತು. ಇದು ಕಾಕತಾಳೀಯವೇ ಇರಬಹುದು. ಆದರೂ ಆ ನೆರಳಿನಲ್ಲಿ ನಿಂತಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ: ದಬ್ಬಾಳಿಕೆ ನಿಲ್ಲುವುದು ಯಾರ ಬಲದಿಂದ?

ರಾಯಣ್ಣ ಅರಸನಲ್ಲ, ಊರ ಕಾವಲಿನ ಶೇತಸನದಿ. ಅವನ ದಂಡು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಕಂಪನಿಯ ಬಲ ಬಂದೂಕಿನಲ್ಲಿ ಮಾತ್ರವಲ್ಲ, ರೈತನ ಭೂಮಿಯನ್ನು ನುಂಗುವ ದಫ್ತರದಲ್ಲಿಯೂ ಇದೆಯೆಂಬುದನ್ನು ಆ ಓದುಬರಹದ ಹಂಗಿಲ್ಲದ ಜನ ಅರಿತಿದ್ದರು. ಆದರೆ ೧೮೩೦ರ ಏಪ್ರಿಲಿನಲ್ಲಿ ಅವನು ಸೆರೆಸಿಕ್ಕಿದ್ದು ರಣರಂಗದಲ್ಲಲ್ಲ, ನಮ್ಮವರೇ ಹಿಡಿದುಕೊಟ್ಟರು. ದೊರೆಯ ಕೈ ಎಷ್ಟೇ ಉದ್ದವಾಗಿದ್ದರೂ ಊರೊಳಗೆ ಅದಕ್ಕೆ ಸಣ್ಣ ಕೈಗಳು ಬೇಕು.

ಅಂಥ ಒಂದು ಸಣ್ಣ ಕೈ ನನ್ನದೂ ಆಗಿತ್ತು. ೧೯೭೫ರ ಜೂನ್ ೨೫ರಂದು ತುರ್ತುಪರಿಸ್ಥಿತಿ ಘೋಷಣೆಯಾದಾಗ ನಾನು ಹರೆಯದ ವಿದ್ಯಾರ್ಥಿ, ಕಾಲೇಜಿನ ಕೈಬರಹದ ಪತ್ರಿಕೆಯ ಸಂಪಾದಕ. ಗೆಳೆಯನೊಬ್ಬ ಪತ್ರಿಕೆಗಳ ಸೆನ್ಸಾರನ್ನು ಕುರಿತು ಎರಡು ಪುಟ ಬರೆದುಕೊಟ್ಟಿದ್ದ. ನಾನು ಆ ಎರಡು ಪುಟಗಳನ್ನು ಕಿತ್ತು ತೆಗೆದೆ. ಪೊಲೀಸರು ಬಂದಿರಲಿಲ್ಲ, ಪ್ರಾಚಾರ್ಯರು ಕರೆದಿರಲಿಲ್ಲ. ಯಾರೂ ನನ್ನನ್ನು ಕೇಳಿರಲಿಲ್ಲ! ಗೆಳೆಯ ಏನೂ ಅನ್ನಲಿಲ್ಲ. ಮತ್ತೆಂದೂ ಬರೆದುಕೊಡಲೂ ಇಲ್ಲ. ಮರುವರ್ಷ, 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾವೆಲ್ಲ ಮೆಚ್ಚಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನರಳುತ್ತಿದ್ದರು. ಹೊರಬಂದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿ ೨೦ರಂದು, ಅವರು ತೀರಿಕೊಂಡರು. ಅವರ ಸುದ್ದಿಯನ್ನು ಓದಿದ ದಿನ ಆ ಎರಡು ಪುಟಗಳ ಭಾರ ನನಗೆ ತಿಳಿಯಿತು.

ಹಾಗಾದರೆ ಸಾಮಾನ್ಯನು ಮಾಡಬಹುದಾದುದೇನು? ಉತ್ತರ ಕನ್ನಡದ ಕರನಿರಾಕರಣೆಯ ಕಾಲವನ್ನು ನೆನೆಯೋಣ. ಕಂದಾಯ ಕೊಡದ ರೈತರ ಜಮೀನುಗಳನ್ನು ಬ್ರಿಟಿಷ್ ಸರಕಾರ ಹರಾಜಿಗಿಟ್ಟಿತು. ಕೊಳ್ಳುವವರಿಲ್ಲದಿದ್ದರೆ ಹರಾಜಿಗೆ ಅರ್ಥವೇನು? ೧೯೩೨ರಲ್ಲಿ ಸಿದ್ಧಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಸರಕಾರದ ಕಚೇರಿಯ ಮುಂದಲ್ಲ, ಅಂಥ ಸೊತ್ತನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ನೆರೆಯವನ ಸೊತ್ತಿಗೆ ಕೈಯೊಡ್ಡಬೇಡವೆಂಬುದೇ ಅವರ ಸತ್ಯಾಗ್ರಹ. ದಬ್ಬಾಳಿಕೆಯ ಬೇರು ಎಲ್ಲಿದೆಯೆಂಬುದನ್ನು ಆ ತಾಯಂದಿರು ನಮ್ಮಂಥ ಪಂಡಿತರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ರಾಯಣ್ಣನಿಗೆ ಖಡ್ಗವಲ್ಲದೆ ಬೇರೆ ದಾರಿಯಿರಲಿಲ್ಲ. ನಮಗೆ ಮತವಿದೆ, ನ್ಯಾಯಾಲಯವಿದೆ, ಗ್ರಾಮಸಭೆಯಿದೆ. ಆದರೆ ಇವು ತಾವಾಗಿಯೇ ನಮ್ಮನ್ನು ಕಾಯುವುದಿಲ್ಲ. ರಾಜಕಾರಣದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿಯೆಂದು ಅಂಬೇಡ್ಕರರು ೧೯೪೯ರ ನವೆಂಬರಿನಲ್ಲಿಯೇ ಸಂವಿಧಾನ ಸಭೆಯನ್ನು ಎಚ್ಚರಿಸಿದ್ದರು. ಆ ಎಚ್ಚರವನ್ನು ನಿತ್ಯದ ಬದುಕಿಗೆ ತರುವುದು ನಮ್ಮ ಕೆಲಸ. ಕೇಳದ ಅಪ್ಪಣೆಯನ್ನು ಪಾಲಿಸದಿರುವುದು; ಸುಳ್ಳೆಂದು ಬಲ್ಲ ಕಾಗದಕ್ಕೆ ರುಜು ಹಾಕದಿರುವುದು; ಸೆರೆಗೆ ಹೋದವನ ಮನೆಯ ಬಾಗಿಲಿಗೆ ಹಗಲಿನಲ್ಲಿಯೇ ಹೋಗಿ ಬರುವುದು; ನಮ್ಮ ಮೆಚ್ಚಿನ ನಾಯಕನನ್ನೂ ಲೆಕ್ಕ ಕೇಳುವುದು. ಒಬ್ಬನೇ ಮಾಡಿದರೆ ಇದು ಹುಂಬತನವೆನಿಸೀತು. ಓಣಿಯಲ್ಲಿ ಹತ್ತು ಜನ ಮಾಡಿದರೆ ಅದೇ ರೂಢಿಯಾದೀತು.

ಆಲದ ಮರಕ್ಕೆ ತೊಟ್ಟಿಲು ಕಟ್ಟುವವರ ಹರಕೆ ಫಲಿಸಲಿ. ಆದರೆ ರಾಯಣ್ಣ ಮತ್ತೆ ಹುಟ್ಟಿಬರುವುದಷ್ಟೇ ಸಾಲದು. ಅವನನ್ನು ಹಿಡಿದುಕೊಡದ ಊರೂ ಹುಟ್ಟಬೇಕು.