ಮೊದಲ ಸಲ ಹತ್ತು ಮರಿ ಸಾಕು



ಹಿತ್ತಲಲ್ಲಿ ಕೋಳಿ ಸಾಕುವುದರ ಬಗ್ಗೆ ಎರಡು ಮಾತು ಹೇಳ್ರಿ ಅಂತ ನಮ್ಮ ಸಂಘದವರನ್ನು ಕರೆದಿದ್ದಾರೆ. ನಾವೇನು ಡಾಕ್ಟರಲ್ಲ. ಮೊದಲ ಸಲ ಸೋತು ಎರಡನೇ ಸಲ ಕಲಿತವರು. ಸೋತದ್ದನ್ನೇ ಮೊದಲು ಹೇಳಿಬಿಡ್ತೇವೆ.

ನಮ್ಮಲ್ಲಿ ಐದು ಮಂದಿ ಸಂಘದಿಂದ ಸಾಲ ತಗೊಂಡು ತಲಾ 50 ಗಿರಿರಾಜ ಮರಿ ತಂದೆವು. ಒಬ್ಬೊಬ್ಬರು ಒಂದೊಂದು ವಾರ ತಂದರು. ಚಿಕ್ಕಂದಿನಿಂದ ಕೋಳಿ ನೋಡಿದವರು, ಇದರಲ್ಲಿ ಕಲಿಯೋದೇನೈತಿ ಅಂದುಕೊಂಡೆವು. ಆದರೆ ನಾಟಿ ಮರಿಗೆ ತಾಯಿ ಇರ್ತದೆ, ರೆಕ್ಕೆ ಕೆಳಗೆ ಬೆಚ್ಚಗೆ ಇಟ್ಟುಕೊಳ್ತದೆ. ಡಬ್ಬದಲ್ಲಿ ಬಂದ ಒಂದು ದಿನದ ಮರಿಗೆ ತಾಯಿ ನಾವೇ ಆಗಬೇಕು. ಒಂದು ರಾತ್ರಿ ಕರೆಂಟ್ ಹೋಯ್ತು. ಮರಿಗಳು ಚಳಿಗೆ ಮೂಲೆ ಸೇರಿ, ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸತ್ತವು. ಉಳಿದವುಗಳಲ್ಲಿ ಹೆಚ್ಚಿನವು ಆರನೇ ವಾರದಲ್ಲಿ ಕೊಕ್ಕರೆ ರೋಗಕ್ಕೆ ಹೋದವು. ಕೋಳಿ ಹೋದರೂ ಸಾಲದ ಕಂತು ಹೋಗಲಿಲ್ಲ. ಕೂಲಿ ಮಾಡಿ ಕಟ್ಟಿದೆವು.

ಎರಡನೇ ಸಲ ಸಾಲ ಬೇಡ ಅಂದೆವು. ಉಳಿತಾಯದ ದುಡ್ಡಿನಲ್ಲಿ ತಲಾ ಹತ್ತೇ ಮರಿ. ಮರಿ ಬರುವ ಮೊದಲೇ ಜಾಗ ಸಿದ್ಧ ಮಾಡಿದೆವು. ರಟ್ಟನ್ನು ದುಂಡಗೆ ನಿಲ್ಲಿಸಬೇಕು, ಮೂಲೆ ಇರಬಾರದು. ಕೆಳಗೆ ಎರಡು ಇಂಚು ಭತ್ತದ ಹೊಟ್ಟು. ಕಂಪ್ಲಿ ಕಡೆ ಅಕ್ಕಿ ಮಿಲ್ಲುಗಳಿರುವುದರಿಂದ ಅದಕ್ಕೆ ಬರವಿಲ್ಲ. ಮೊದಲ ಎರಡು-ಮೂರು ದಿನ ಅದರ ಮೇಲೆ ಪೇಪರ್ ಹಾಸಿರಿ, ಇಲ್ಲದಿದ್ದರೆ ಮರಿಗಳು ಹೊಟ್ಟನ್ನೇ ತಿಂತಾವೆ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರವಾರ ಸ್ವಲ್ಪ ಕಡಿಮೆ. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡ್ತದೆ, ಕಾವು ಕೊಡೋದಿಲ್ಲ. ಹಳೇ ತರಹದ ತಂತಿ ಬಲ್ಬೇ ಬೇಕು. ಕರೆಂಟ್ ಹೋದರೆ ಮಣ್ಣಿನ ಗಡಿಗೆಯಲ್ಲಿ ಕೆಂಡ ಇಡ್ರಿ, ಕಿಟಕಿ ಮಾತ್ರ ತೆರೆದಿರಲಿ. ಕಾವು ಸಾಕೋ ಬೇಕೋ ಅಂತ ಮರಿಗಳೇ ಹೇಳ್ತಾವೆ. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಹಗಲು ಬಲ್ಬೇ ಬೇಕಾಗೋದಿಲ್ಲ.

ಇನ್ನು ಲಸಿಕೆ. ಕೊಕ್ಕರೆ ರೋಗಕ್ಕೆ ಔಷಧಿ ಇಲ್ಲ, ಲಸಿಕೆ ಐತಿ. ಏಳನೇ ದಿನ ಕಣ್ಣಿಗೆ ಒಂದು ಹನಿ, 28ನೇ ದಿನ ಮತ್ತೊಮ್ಮೆ, ಎಂಟನೇ ವಾರಕ್ಕೆ ಚುಚ್ಚುಮದ್ದು. ನಡುವೆ 14ನೇ ದಿನ ಗುಂಬೋರೊ ರೋಗದ್ದು. ಇದೇನು ಗುಟ್ಟಿನ ವಿಷಯವಲ್ಲ, ಪಶು ಆಸ್ಪತ್ರೆಯಲ್ಲಿ ಕೇಳಿದರೆ ಹೇಳ್ತಾರೆ. ಮತ್ತೆ ನಾವು ಯಾಕೆ ಹಾಕಿಸಲಿಲ್ಲ? ಲಸಿಕೆಯ ಒಂದು ಸೀಸೆ ನೂರು ಕೋಳಿಗೋ ಇನ್ನೂ ಹೆಚ್ಚಿಗೋ ಆಗುವಂಥದ್ದು. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಐದು ಮನೆಯ ಮರಿಗೆ ಐದು ಬೇರೆ ಬೇರೆ ವಯಸ್ಸು, ಐದು ಸೀಸೆ ತರೋರು ಯಾರು? ಅಲ್ಲೇ ನಾವು ಎಡವಿದ್ದು. ಎರಡನೇ ಸಲ ಹತ್ತು ಮಂದಿ ಒಂದೇ ದಿನ ಮರಿ ತಂದೆವು. ನೂರು ಮರಿ, ಒಂದು ಸೀಸೆ. ಥರ್ಮಾಸಿನಲ್ಲಿ ಐಸ್ ಹಾಕಿ ತಂದು, ಸಂಜೆ ತಂಪು ಹೊತ್ತಿನಲ್ಲಿ ಮನೆಮನೆಗೆ ಹೋಗಿ ಹನಿ ಹಾಕಿದೆವು. ಒಬ್ಬರು ಮರಿ ಹಿಡೀಬೇಕು, ಒಬ್ಬರು ಹಾಕಬೇಕು. ಸಂಘ ಇರೋದು ಬರೀ ಸಾಲಕ್ಕಲ್ಲ ಅಂತ ಅವತ್ತು ಗೊತ್ತಾಯ್ತು.

ಮೇವಿಗೆ ಮೊದಲ ತಿಂಗಳು ಮರಿಗಳ ಆಹಾರವನ್ನೇ ಕೊಂಡು ಹಾಕಿರಿ, ಅಲ್ಲಿ ಜುಗ್ಗತನ ಬೇಡ. ಆಮೇಲೆ ನುಚ್ಚು, ತೌಡು, ಸೊಪ್ಪು, ಹಿತ್ತಲ ಹುಳ ನಡೀತದೆ. ಬೂಸ್ಟು ಹಿಡಿದ ಶೇಂಗಾ ಹಿಂಡಿ ಮಾತ್ರ ಬೇಡ, ಅದು ವಿಷ. ಹೊಟ್ಟು ಒದ್ದೆಯಾದರೆ ರಕ್ತಭೇದಿ ಬರ್ತದೆ, ಆಗಿಂದಾಗ ಬದಲಿಸ್ರಿ.

ಗಿರಿರಾಜ ಆಗಲಿ, 2005ರಲ್ಲಿ ಬಂದ ಸ್ವರ್ಣಧಾರ ಆಗಲಿ, ನಾಟಿಗಿಂತ ಹೆಚ್ಚು ಮೊಟ್ಟೆ ಇಡ್ತಾವೆ, ಆದರೆ ಕಾವಿಗೆ ಕೂರೋದಿಲ್ಲ. ಒಂದೆರಡು ನಾಟಿ ಹ್ಯಾಟೆ ಮನೆಯಲ್ಲಿರಲಿ.

ಒಂದು ಎಚ್ಚರಿಕೆ. 2025ರಲ್ಲಿ ಸಂಡೂರು ತಾಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದು ನಿಮಗೆಲ್ಲ ನೆನಪಿರಬೇಕು. ಒಮ್ಮೆಲೇ ನಾಲ್ಕಾರು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡ್ರಿ, ಕೊಯ್ದು ತಿನ್ನಬೇಡ್ರಿ, ಕಾಲುವೆಗೆ ಎಸೆಯಬೇಡ್ರಿ, ಉಳಿದವನ್ನು ಗಡಿಬಿಡಿಯಲ್ಲಿ ಸಂತೆಗೆ ಒಯ್ಯಬೇಡ್ರಿ. ಪಶು ಆಸ್ಪತ್ರೆಗೆ ತಿಳಿಸ್ರಿ. ಮುಚ್ಚಿಟ್ಟರೆ ಪಕ್ಕದ ಮನೆ ಹಿತ್ತಲೂ ಖಾಲಿಯಾಗ್ತದೆ.

ನಮ್ಮ ಮುಂದಿನ ಮರಿಗಳು ದಸರಾ ಆದ ಮೇಲೆ ಬರ್ತಾವೆ. ಜೊತೆಗೆ ತರಿಸುವವರು ಊಟ ಆದ ಮೇಲೆ ಹೆಸರು ಬರೆಸ್ರಿ. ಥರ್ಮಾಸ್ ನಮ್ಮ ಹತ್ರ ಐತಿ.